ಆಸಂಗಿಯವರ ಛತ್ರಿ ಬಂತೇನ್ರಿ?

ಜ್ಞಾನೇಶ್ವರ ಆಸಂಗಿಯವರು ಛತ್ರಿ ಕೊಂಡದ್ದು ಮಳೆಗೆಂದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬನಹಟ್ಟಿಯ ಬಣ್ಣದ ಓಣಿಯವರಿಗೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ, ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ಅವರು ಛತ್ರಿ ಕೊಂಡದ್ದು ಕುರ್ಚಿಯ ಆಸೆಗೆ. ಮುಧೋಳದಲ್ಲಿ ಸಹೋದ್ಯೋಗಿಯೊಬ್ಬರ ನಿವೃತ್ತಿ ಸಮಾರಂಭವಿತ್ತು. ಜ್ಞಾನೇಶ್ವರರು ಒಂದು ತಾಸಿನಿಂದ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದರು. ಆಗ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಉದ್ದನೆಯ ಕರಿ ಛತ್ರಿ, ಬೆತ್ತದ ಹಿಡಿಕೆ. ಮೂವರು ಒಟ್ಟಿಗೆ ಎದ್ದು ಅವನಿಗೆ ಕುರ್ಚಿ ಕೊಟ್ಟರು. ಆತ ಕೂತು, ಛತ್ರಿಯನ್ನು ಮೊಣಕಾಲ ನಡುವೆ ನಿಲ್ಲಿಸಿ, ಹಿಡಿಕೆಯ ಮೇಲೆ ಎರಡೂ ಕೈ ಇಟ್ಟು, ಭಾಷಣಕ್ಕೆ ನಿಧಾನವಾಗಿ ತಲೆದೂಗಿದ. ಆತ ಪಕ್ಕದ ಕಲ್ಯಾಣ ಮಂಟಪದ ಮದುವೆಗೆ ಬಂದು ದಾರಿ ತಪ್ಪಿದವನು ಎಂಬುದು ಊಟವಾದ ಮೇಲೆ ತಿಳಿಯಿತು. ಅಷ್ಟರಲ್ಲಿ ಅವನಿಗೆ ಶಾಲು ಹೊದಿಸಿ ಆಗಿತ್ತು.

ಮುಂದಿನ ಭಾನುವಾರವೇ ಜ್ಞಾನೇಶ್ವರರು ಜಮಖಂಡಿಯ ಬಸ್ಸು ಹತ್ತಿದರು. ಅಲ್ಲಿ ಹಳೇ ಪೇಟೆಯ ಮೂಲೆಯಲ್ಲಿ ಹಣಮಪ್ಪ ಎಂಬ ಮುದುಕ ಇನ್ನೂ ಕೈಯಿಂದಲೇ ಛತ್ರಿ ಮಾಡುತ್ತಿದ್ದ.

"ಅಂಗಡ್ಯಾಗ ಮಡಚೂ ಛತ್ರಿ ಸಿಗತಾವಲ್ರಿ, ಗುಂಡಿ ಒತ್ತಿದ್ರ ಬಿಚ್ಚಕೊಳ್ಳೂವು," ಎಂದ ಹಣಮಪ್ಪ, ಪರೀಕ್ಷೆಗೆ ಕೂತವನನ್ನು ನೋಡುವಂತೆ ನೋಡಿ.

"ನನಗ ಗುಂಡಿ ಬ್ಯಾಡ. ಕೋಲು ಬೇಕು."

"ಹಂಗಾದ್ರ ಕೂಡ್ರಿ," ಎಂದು ಹಣಮಪ್ಪ ಸ್ಟೂಲು ಸರಿಸಿದ. ಛತ್ರಿ ಇನ್ನೂ ಹುಟ್ಟಿರಲಿಲ್ಲ, ಕೂಡುವ ಜಾಗ ಆಗಲೇ ಸಿಕ್ಕಿತ್ತು.

ಹಣಮಪ್ಪ ಅವರ ಎತ್ತರ ಅಳೆದ, ತೋಳು ಅಳೆದ, ಅಂಗಡಿಯ ಮುಂದೆ ಹತ್ತು ಹೆಜ್ಜೆ ನಡೆಸಿ ನೋಡಿದ. ನಲವತ್ತು ದಿನ ತೆಗೆದುಕೊಂಡ. ತಲೆಯಿಂದ ತುದಿಯವರೆಗೆ ಒಂದೇ ತುಂಡಿನ ಕೋಲು. ಆವಿಗೆ ಹಿಡಿದು ಬಗ್ಗಿಸಿದ ಬೆತ್ತದ ಹಿಡಿಕೆ. ಎಂಟು ಉಕ್ಕಿನ ಕಡ್ಡಿ, ಕಡ್ಡಿಯ ಪ್ರತಿ ಕೀಲಿಗೂ ಉಗುರಿನಷ್ಟಗಲದ ಬಟ್ಟೆಯ ಚೂರು ಸುತ್ತಿ ದಾರ ಕಟ್ಟಿದ್ದ, ಕಬ್ಬಿಣ ತಾಗಿ ಮೇಲಿನ ಬಟ್ಟೆ ಸವೆಯಬಾರದೆಂದು. ಆ ಚೂರುಗಳು ಛತ್ರಿಯ ಒಳಗೆ ತಲೆ ಹಾಕಿದವರಿಗೆ ಮಾತ್ರ ಕಾಣುತ್ತಿದ್ದವು. ಜ್ಞಾನೇಶ್ವರರು ಒಳಗೆ ತಲೆ ಹಾಕಿದರು. ಬಹಳ ಹೊತ್ತು ತೆಗೆಯಲಿಲ್ಲ.

ಬಿಚ್ಚಿದರೆ 'ದಪ್' ಎಂದು ತಬಲಾದ ಎಡಗೈಯ ಪೆಟ್ಟಿನಂಥ ಸದ್ದು. ಮನೆಗೆ ತಂದ ದಿನ ಆ ಸದ್ದನ್ನು ಹದಿನಾರು ಸಲ ಕೇಳಿದ ಮೇಲೆ ಹೆಂಡತಿ ಅಂಜನಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರು.

ಜ್ಞಾನೇಶ್ವರರು ಮನೆಯಲ್ಲಿ ಕಾಯಿದೆ ಸಾರಿದರು. ಛತ್ರಿಯನ್ನು ಮೂಲೆಗೆ ನಿಲ್ಲಿಸಬಾರದು, ಮೊಳೆಗೆ ತೂಗುಹಾಕಬೇಕು. ಬೇರೆಯವರು ಬಿಚ್ಚಬಾರದು. ಮುಖ್ಯವಾಗಿ, ನೀರು ಸೋಕಬಾರದು.

"ಮಳ್ಯಾಗ ಹಿಡಿಯಂಗಿಲ್ಲಂದ್ರ ಇದನ್ನ ಯಾಕ ತಂದ್ರಿ?"

"ನೀ ರೇಷ್ಮಿ ಸೀರಿ ಉಟಗೊಂಡು ರೊಟ್ಟಿ ಬಡೀತೀಯೇನ?"

ಇದು ಉತ್ತರವೋ ಪ್ರಶ್ನೆಯೋ ಅಂಜನಾಗೆ ತಿಳಿಯಲಿಲ್ಲ. ಹೀಗೆ ಆ ಮನೆಯಲ್ಲಿ ಪದ್ಧತಿ ಬಿದ್ದಿತು. ಬೆಳಿಗ್ಗೆ ಅಂಗಳಕ್ಕೆ ಬಂದು ಆಕಾಶ ನೋಡುವುದು. ಬಿಸಿಲಿದ್ದರೆ ಛತ್ರಿ ಹೊರಗೆ. ಒಂದು ಮೋಡ ಕಂಡರೂ ಛತ್ರಿ ಮೊಳೆಗೆ, ಜ್ಞಾನೇಶ್ವರರ ತಲೆಗೆ ಟವೆಲು.

ಇಷ್ಟರಿಂದ ಯಾರಿಗೂ ತೊಂದರೆ ಆಗುತ್ತಿರಲಿಲ್ಲ, ಜ್ಞಾನೇಶ್ವರರ ನೌಕರಿ ಬೇರೆ ಏನಾದರೂ ಆಗಿದ್ದರೆ. ಅವರು ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತರು. ಕಚೇರಿಯ ಹಿತ್ತಿಲಿನ ತಂತಿ ಬೇಲಿಯೊಳಗೆ ಒಂದು ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಅಂಕಿಯನ್ನು ಮೇಲಿನವರಿಗೆ ಕಳಿಸುವುದು ಅವರ ಕೆಲಸ. ಅವರಿಗೆ ಗೊತ್ತಿದ್ದದ್ದು ನಿನ್ನೆಯ ಮಳೆ ಮಾತ್ರ. ನಾಳೆಯ ಮಳೆಗೂ ಅವರಿಗೂ ಪರಿಚಯವಿರಲಿಲ್ಲ. ಆದರೆ ಮಳೆಯನ್ನು ಅಳೆಯುವವನಿಗೆ ಮಳೆ ಮೊದಲೇ ಬಂದು ಹೇಳಿ ಹೋಗುತ್ತದೆ ಎಂದು ಊರು ತಿಳಿದಿದ್ದರೆ ಊರಿನದೇನು ತಪ್ಪು?

ಮನೆಯಿಂದ ಕಚೇರಿಗೆ ಹೋಗಲು ಬಣ್ಣದ ಓಣಿಯನ್ನು ದಾಟಬೇಕು. ಎರಡೂ ಬದಿಗೆ ಬಿದಿರಿನ ಗಳಗಳು, ಗಳದ ತುಂಬ ಆಗಷ್ಟೇ ಬಣ್ಣದಿಂದೆದ್ದ ನೂಲಿನ ಲಡಿಗಳು. ಕೆಂಪು, ಹಸಿರು, ಅರಿಶಿಣ, ಬದನೆಯ ಬಣ್ಣ. ಒಣಗಿದರೆ ಅದು ಸೀರೆ. ಒಣಗುವ ಮುಂಚೆ ನಾಲ್ಕು ಹನಿ ಬಿದ್ದರೆ ಬಣ್ಣಕ್ಕೆ ಬಣ್ಣ ಇಳಿದು ಅದು ಯಾವುದಕ್ಕೂ ಬಾರದು. ಆದ್ದರಿಂದ ಆ ಓಣಿಯವರು ಮನುಷ್ಯರ ಮುಖ ನೋಡುವುದಕ್ಕಿಂತ ಹೆಚ್ಚು ಆಕಾಶ ನೋಡುತ್ತಿದ್ದರು.

ಭಾದ್ರಪದದ ಒಂದು ಸುಡುಬಿಸಿಲಿನ ಬೆಳಿಗ್ಗೆ ಛತ್ರಿ ಮೊದಲ ಸಲ ಓಣಿಗೆ ಬಂತು. ಎಲ್ಲರಿಗಿಂತ ದೊಡ್ಡ ಬಣ್ಣದ ಭಟ್ಟಿಯ ಯಜಮಾನ ಚನಮಲ್ಲಪ್ಪ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ.

"ಏನ್ರಿ ಸಾಹೇಬ್ರ, ಇಂಥಾ ಬಿಸಲಾಗ ಛತ್ರಿ?"

"ಹೂಂ," ಎಂದರು ಜ್ಞಾನೇಶ್ವರರು, ಮನೆಯಲ್ಲಿ ರೂಢಿಸಿಕೊಂಡಿದ್ದ ತಗ್ಗಿದ ದನಿಯಲ್ಲಿ. "ನೋಡ್ರಿ."

ದಪ್. ಬಿಚ್ಚಿ, ಕತ್ತೆತ್ತಿ, ಎಂಟು ಕಡ್ಡಿ ಕೂಡುವ ನೆತ್ತಿಯ ಹೊಲಿಗೆಯನ್ನು ಹುಬ್ಬು ಗಂಟಿಕ್ಕಿ ನೋಡುತ್ತ ನಿಂತರು. ಚನಮಲ್ಲಪ್ಪನೂ ಕತ್ತೆತ್ತಿದ. ಅವನಿಗೆ ಕಂಡದ್ದು ಆಕಾಶ. ಅಲ್ಲಿ ಏನೂ ಇರಲಿಲ್ಲ. ಆದರೆ ಅಳೆಯುವ ಮನುಷ್ಯ ಏನನ್ನೋ ನೋಡುತ್ತಿದ್ದಾನೆ, ಮಾತಾಡುತ್ತಿಲ್ಲ. ಸರ್ಕಾರಿ ನೌಕರ ಬಾಯಿಬಿಟ್ಟು ಹೇಳಲಾರ, ತೋರಿಸುತ್ತಿದ್ದಾನೆ. ಚನಮಲ್ಲಪ್ಪ ಲೋಟ ಕೆಳಗಿಟ್ಟು, ಸದ್ದಿಲ್ಲದೆ ತನ್ನ ಲಡಿಗಳನ್ನೆಲ್ಲ ಒಳಗೆ ತೆಗೆಸಿದ.

ಆವತ್ತು ಸಂಜೆ ನಾಲ್ಕಕ್ಕೆ ಎಲ್ಲಿಂದಲೋ ಒಂದು ತುಂಡು ಮೋಡ ಬಂದು ಹತ್ತು ನಿಮಿಷ ಸುರಿದು ಹೋಯಿತು. ಓಣಿಯ ಹಸಿರೆಲ್ಲ ಅರಿಶಿಣಕ್ಕೆ ಇಳಿಯಿತು. ಚನಮಲ್ಲಪ್ಪನ ನೂಲು ಮಾತ್ರ ಒಣಗಿಯೇ ಇತ್ತು.

ಇತ್ತ ಜ್ಞಾನೇಶ್ವರರು ಗೊಬ್ಬರದ ಖಾಲಿ ಚೀಲವೊಂದನ್ನು ಹುಡುಕಿ, ಛತ್ರಿಯನ್ನು ಅದರಲ್ಲಿ ಸುತ್ತಿ, ಅಂಗಿಯೊಳಗೆ ತುರುಕಿ, ಹಿಂದಿನ ದಾರಿಯಿಂದ ಮನೆ ಸೇರಿದರು. ಛತ್ರಿಯ ಮೇಲೆ ಒಂದು ಹನಿ ಇರಲಿಲ್ಲ. ಅವರ ಮೈಮೇಲೆ ಒಣಗಿದ ಜಾಗ ಇರಲಿಲ್ಲ. ಅಂಜನಾ ಟವೆಲು ಕೊಟ್ಟರು. ಜ್ಞಾನೇಶ್ವರರು ಮೊದಲು ಛತ್ರಿ ಒರೆಸಿದರು.

ಮರುದಿನದಿಂದ ಓಣಿಯ ರೀತಿಯೇ ಬದಲಾಯಿತು. ಛತ್ರಿ ಹಿಡಿದು ಜ್ಞಾನೇಶ್ವರರು ತಿರುವಿನಲ್ಲಿ ಕಂಡರೆ ಸಾಕು, "ಬಂತೋ, ಬಂತೋ!" ಎಂಬ ಕೂಗೆದ್ದು ಎರಡೂ ಬದಿಯ ಲಡಿಗಳು ಸರಸರ ಒಳಗೆ ಹೋಗುತ್ತಿದ್ದವು. ಅವರು ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಗಳಗಳೆಲ್ಲ ಬೋಳು.

ಜ್ಞಾನೇಶ್ವರರಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ದಿನವೂ ಆಗಲಿಲ್ಲ. ಮೂರನೆಯ ದಿನ ಖಾಲಿ ಗಳದ ಕೆಳಗೆ ನೆಲದಲ್ಲಿ ಹನಿಹನಿ ಬಿದ್ದಿದ್ದ ಬಣ್ಣ ನೋಡಿ ಥಟ್ಟನೆ ಹೊಳೆಯಿತು. ಛತ್ರಿಯ ಮೇಲೆ ಬಣ್ಣ ತೊಟ್ಟಿಕ್ಕಬಾರದೆಂದು ಇವರು ಹಸಿನೂಲು ತೆಗೆಯುತ್ತಿದ್ದಾರೆ! ಕೈಕೆಲಸದ ಬೆಲೆ ಕೈಕೆಲಸದವರಿಗಲ್ಲದೆ ಇನ್ನಾರಿಗೆ ಗೊತ್ತು ಎಂದುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಬಾಗುತ್ತ ನಡೆದರು. ಓಣಿಯವರು ಆ ತಲೆಬಾಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಎಡಕ್ಕೆ ಹೆಚ್ಚು ಬಾಗಿದರೆ ಮಳೆ ತೇರದಾಳದ ಕಡೆಯಿಂದ.

ಆಮೇಲೆ ಛತ್ರಿ ಬಂದ ದಿನ ಮಳೆ ಬರುತ್ತಿರಲಿಲ್ಲವಲ್ಲ, ಓಣಿಗೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಬಂತು. ಚನಮಲ್ಲಪ್ಪ ಅದನ್ನು ಬಗೆಹರಿಸಿದ. "ಮಳಿ ಬಂದೈತಿ. ಇಲ್ಲಿ ಬಂದಿಲ್ಲ ಅಷ್ಟ. ಎಲ್ಲರೆ ಬಂದಿರತೈತಿ." ಛತ್ರಿ ಬಾರದ ದಿನ ಮಳೆ ಬಿದ್ದರೆ? "ಅದು ಮಳಿ ಅಲ್ಲೋ, ಹನಿ. ಹನಿಗೆ ಯಾರು ಅಂಥಾ ಛತ್ರಿ ತರ್ತಾರ?"

ನಾಲ್ಕನೆಯ ದಿನಕ್ಕೆ ಮೊಬೈಲಿನಲ್ಲಿ 'ಆಸಂಗಿ ಛತ್ರಿ' ಎಂಬ ಗ್ರೂಪು ಹುಟ್ಟಿತು. ದಿನಾ ಬೆಳಿಗ್ಗೆ ಚನಮಲ್ಲಪ್ಪನದು ಒಂದೇ ಸಾಲು. 'ಛತ್ರಿ ಬಂತು' ಅಥವಾ 'ಛತ್ರಿ ಬಂದಿಲ್ಲ.' ಸರ್ಕಾರಿ ನೌಕರನಿಗೆ ತೊಂದರೆಯಾಗಬಾರದೆಂದು ಜ್ಞಾನೇಶ್ವರರನ್ನು ಮಾತ್ರ ಅದರೊಳಗೆ ಸೇರಿಸಲಿಲ್ಲ. ಸುದ್ದಿ ತಂದವರು ಅಂಜನಾ.

"ನಿಮ್ಮ ಛತ್ರಿ ಮ್ಯಾಲ ಗ್ರೂಪ್ ಮಾಡ್ಯಾರಂತ. ಮುನ್ನೂರು ಮಂದಿ ಅದಾರಂತ."

"ಮುನ್ನೂರು!" ಜ್ಞಾನೇಶ್ವರರು ರೊಟ್ಟಿ ಕೆಳಗಿಟ್ಟರು. "ಏನ ಬರೀತಾರಂತ?"

"ಬಂತು, ಬಂದಿಲ್ಲ ಅಂತ."

"ಅಷ್ಟ?"

"ಅಷ್ಟ."

ಜ್ಞಾನೇಶ್ವರರು ಮೊಳೆಯ ಮೇಲಿನ ಛತ್ರಿಯ ಕಡೆ ತಿರುಗಿದರು. "ಖರೆ ಅಭಿಮಾನ ಅಂದ್ರ ಹಿಂಗಿರತೈತಿ ನೋಡು. ಹೆಚ್ಚು ಮಾತಾಡೂದಿಲ್ಲ."

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಬಸವಕುಮಾರ ಫೋನು ಮಾಡಿದ. ಮುಖ ನೋಡಿದವನಲ್ಲ, ಆದರೂ ದನಿಯಲ್ಲಿ ನೆಂಟಸ್ತಿಕೆ.

"ಸಾಹೇಬ್ರ, ನಾಳೆ ಛತ್ರಿ ಹೊರಗ ತಗಿಯೂದೈತೇನ್ರಿ?"

"ತಗೀತೇನ್ರಿ. ಇವತ್ತ ಕಡ್ಡಿಗೆ ಎಣ್ಣಿ ಹಚ್ಚೇನಿ."

ಆ ಕಡೆ ಉಸಿರು ನಿಂತ ಸದ್ದು. "ಎಣ್ಣಿ ಹಚ್ಚೀರಿ? ಅಷ್ಟು ಜೋರ?"

"ಜೋರ ಅಂದ್ರ ಹಂಗೇನಿಲ್ರಿ. ಬಿಚ್ಚಿದಾಗ ದಪ್ ಅನಬೇಕು, ಅಷ್ಟ."

ಬಸವಕುಮಾರ ಮರುದಿನ ತನ್ನ ಬೆಲ್ಲದ ಪೆಂಟೆಗಳಿಗೆಲ್ಲ ಎರಡೆರಡು ತಾಡಪತ್ರಿ ಹೊದಿಸಿದ. ಬಿಸಿಲು ಧಗಧಗ ಉರಿಯಿತು. ತಾಡಪತ್ರಿಯ ಕೆಳಗೆ ಬೆಲ್ಲ ಬೆವರಿ, ಕರಗಿ, ಅಂಗಡಿಯ ಮೆಟ್ಟಿಲಿಳಿದು ರಸ್ತೆಗೆ ಬಂತು. ಅದನ್ನು ನೋಡಿ ಬಸವಕುಮಾರ ಆಳುಗಳಿಗೆ ಹೇಳಿದನಂತೆ, "ಮುಚ್ಚಿದ್ರ ಇಷ್ಟ. ಮುಚ್ಚದಿದ್ರ ಏನಾಗ್ತಿತ್ತೋ."

ಮಾತು ಜ್ಞಾನೇಶ್ವರರ ಮೇಲಧಿಕಾರಿಯವರೆಗೆ ಹೋಯಿತು. ಕಚೇರಿಯ ಮುಖ್ಯಸ್ಥ ಮಲ್ಲಿನಾಥ ಎಂಬವರು ಶಿಸ್ತಿನ ಮನುಷ್ಯ. ಮುನ್ಸೂಚನೆ ಕೊಡುವ ಅಧಿಕಾರ ಈ ಕಚೇರಿಯ ಗೋಡೆಗೂ ಇಲ್ಲ ಎಂಬುದು ಅವರ ನಿಲುವು. ಅವರು ಒಂದು ಸಾಲಿನ ನೋಟೀಸು ಕಳಿಸಿದರು. 'ತಾವು ಕಚೇರಿಗೆ ತರುತ್ತಿರುವ ಛತ್ರಿಯ ಬಗ್ಗೆ ಎರಡು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.'

ಜ್ಞಾನೇಶ್ವರರು ನೋಟೀಸನ್ನು ಎದೆಗೆ ಒತ್ತಿಕೊಂಡರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಮೇಲಿನವರು ಅವರ ಯಾವುದರ ಬಗ್ಗೆಯೂ ವಿವರಣೆ ಕೇಳಿದ್ದಿಲ್ಲ. ನಾಲ್ಕು ಪುಟ ಬರೆದರು. 'ಮಾನ್ಯರೇ, ಸದರಿ ಛತ್ರಿಯ ಕೋಲು ಒಂದೇ ತುಂಡಿನದಾಗಿದ್ದು, ನಡುವೆ ಯಾವುದೇ ಜೋಡಣೆ ಇರುವುದಿಲ್ಲವೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಕಡ್ಡಿಗಳು ಎಂಟು. ಹದಿನಾರು ಕಡ್ಡಿಯವೂ ಉಂಟಾದರೂ ಅವು ಭಾರವಾಗಿ ಮೊಣಕೈಗೆ ಬಾಧಕವೆಂದು ಬಲ್ಲವರು ಹೇಳುತ್ತಾರೆ...'

ಮಲ್ಲಿನಾಥರು ಮೊದಲ ಪುಟವನ್ನು ಸಿಟ್ಟಿನಿಂದ ಓದಿದರು. ಎರಡನೆಯದನ್ನು ಇದರೊಳಗೆ ಏನೋ ಗುಪ್ತವಾಗಿ ಅಡಗಿದೆ ಎಂದು ಓದಿದರು. ಮೂರನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿದರು. ನಾಲ್ಕನೆಯದು ಮುಗಿದ ಮೇಲೆ ಜ್ಞಾನೇಶ್ವರರನ್ನು ಒಳಗೆ ಕರೆದರು.

"ಆಸಂಗಿಯವರ," ಎಂದರು, ದನಿ ತಗ್ಗಿಸಿ. "ಕೀಲಿಗೆ ಬಟ್ಟಿ ಕಟ್ಟತಾರಂತ ಬರದೀರಿ. ಖರೇನ?"

"ಎಂಟಕ್ಕೆಂಟೂ ಕೀಲಿಗ್ರಿ."

"ಹಂಗಾ." ಮಲ್ಲಿನಾಥರು ಫೈಲಿನ ಮೇಲೆ 'ನೋಡಲಾಯಿತು' ಎಂದು ಬರೆದು ಕಪಾಟಿನಲ್ಲಿಟ್ಟರು. ಏನನ್ನು ನೋಡಲಾಯಿತು ಎಂಬುದು ಅವರಿಗೂ ಸ್ಪಷ್ಟವಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಗೊಂದಲ. ಆದರೆ ಓಣಿಯ ಕೊನೆಯ ಗಳ ಕೆಂಪವ್ವನದಾಗಿತ್ತು.

ಕೆಂಪವ್ವ ಇಪ್ಪತ್ತು ವರ್ಷ ಬೇರೆಯವರ ಭಟ್ಟಿಯಲ್ಲಿ ಬಣ್ಣ ಕಲಸಿದವಳು. ಕುಂಕುಮದ ಕೆಂಪು ಅವಳ ಕೈಯಲ್ಲಿ ಬಂದಂತೆ ಯಾರ ಕೈಯಲ್ಲೂ ಬರುತ್ತಿರಲಿಲ್ಲ, ಆದರೆ ಆ ಕೆಂಪಿಗೆ ಯಾವಾಗಲೂ ಭಟ್ಟಿಯ ಯಜಮಾನನ ಹೆಸರು. ಈ ಸಲ ಮೊದಲ ಬಾರಿಗೆ ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಅವಳ ಹೆಸರಿಗೇ ನಲವತ್ತು ಲಡಿ ಕೊಟ್ಟಿದ್ದರು. ಶನಿವಾರ ಬೆಳಿಗ್ಗೆ ಒಂದೇ ಸಮ ಕೆಂಪಾಗಿ, ಒಣಗಿ ಮುಟ್ಟಿದರೆ ದೀಪಾವಳಿಯ ಕೆಲಸವೆಲ್ಲ ಅವಳದು. ಮುಟ್ಟದಿದ್ದರೆ ಮತ್ತೆ ಬೇರೆಯವರ ಭಟ್ಟಿ. ಎಲ್ಲರಿಗಿದ್ದಂತೆ ಅವಳಿಗೆ ಶೆಡ್ಡು ಇರಲಿಲ್ಲ. ಇದ್ದದ್ದು ಒಂದೇ ಖೋಲಿ, ಅದರ ತುಂಬ ಬಣ್ಣದ ಹಂಡೆ. ಒಂದು ಗಳ, ಒಂದು ದಿನದ ಬಿಸಿಲು, ಇಷ್ಟೇ ಅವಳ ಬಂಡವಾಳ.

ಬುಧವಾರ ಅವಳು ಜ್ಞಾನೇಶ್ವರರನ್ನು ದಾರಿಯಲ್ಲಿ ತಡೆದಳು.

"ಸಾಹೇಬ್ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಶುಕ್ರವಾರ ಛತ್ರಿ ತರೂದೈತೇನ್ರಿ?"

"ಯಾಕಬೇ, ಶುಕ್ರವಾರ ಏನೈತಿ?"

"ನಲವತ್ತು ಲಡಿ ಒಣಗಿಸೂದೈತ್ರಿ. ನೀವು ಛತ್ರಿ ತಂದ್ರಿ ಅಂದ್ರ ನನ್ನ ಬಾಳೇವು ಮುಗೀತು."

ಜ್ಞಾನೇಶ್ವರರು ಅವಳ ಗಳ ನೋಡಿದರು. ಅದು ಓಣಿಯೊಳಕ್ಕೆ ಚಾಚಿಕೊಂಡಿತ್ತು. ಛತ್ರಿ ದಾಟಲೆಂದು ಈ ಬಡವಿ ನಲವತ್ತು ಹಸಿ ಲಡಿ ಇಳಿಸಬೇಕೇ? ಅವರ ಮನಸ್ಸು ಕರಗಿತು.

"ಇಷ್ಟಕ್ಕ ಅಂಜತೀಯೇನ? ಶುಕ್ರವಾರ ಛತ್ರಿ ತರೂದಿಲ್ಲ, ಹೋಗು."

"ಖರೇನ್ರಿ? ದಿನಾ ಪೂರ್ತಿ?"

"ದಿನಾ ಪೂರ್ತಿ."

"ಸಂಜಿಕೂ?"

"ಸಂಜಿಕೂ ತರೂದಿಲ್ಲ. ನಾ ಮಾತ ಕೊಟ್ಟೇನಿ."

ಕೆಂಪವ್ವ ಅವರ ಕಾಲಿಗೆ ಬಿದ್ದೇಬಿಟ್ಟಳು. ಒಂದು ಛತ್ರಿ ಮನೆಯಲ್ಲಿಟ್ಟು ಬರುವುದಕ್ಕೆ ಇಷ್ಟೇಕೆ ಎಂದು ಜ್ಞಾನೇಶ್ವರರು ಕಕ್ಕಾಬಿಕ್ಕಿಯಾದರು. ಎದುರು ಬಾಗಿಲಲ್ಲಿ ನಿಂತಿದ್ದ ಚನಮಲ್ಲಪ್ಪ ಗ್ರೂಪಿಗೆ ಬರೆದ. 'ಶುಕ್ರವಾರ ಇಲ್ಲ. ದಿನಾ ಪೂರ್ತಿ ಇಲ್ಲ. ಸಾಹೇಬರ ಬಾಯಿಂದಲೇ ಕೇಳಿದ್ದು. ಖಾತ್ರಿ.'

ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಬೋಗುಣಿಯಂತಿತ್ತು. ಛತ್ರಿ ಒಯ್ಯಲು ಹೇಳಿ ಮಾಡಿಸಿದ ದಿನ. ಜ್ಞಾನೇಶ್ವರರು ಮೊಳೆಯ ಹತ್ತಿರ ಹೋಗಿ, ನಿಂತು, ಬರಿಗೈಯಲ್ಲಿ ಹೊರಟರು. ಓಣಿ ಅಷ್ಟು ತುಂಬಿದ್ದನ್ನು ಅವರು ನೋಡಿಯೇ ಇರಲಿಲ್ಲ. ಛತ್ರಿಯ ದೆಸೆಯಿಂದ ಮೂರು ವಾರ ಒಳಗೆ ಮುಗ್ಗಿದ್ದ ನೂಲೆಲ್ಲ ಆವತ್ತು ಹೊರಬಿದ್ದಿತ್ತು. ಕೊನೆಯ ಗಳದಲ್ಲಿ ಕೆಂಪವ್ವನ ನಲವತ್ತು ಲಡಿ, ಕಣ್ಣು ಕುಕ್ಕುವ ಕೆಂಪು. ಅವರ ಖಾಲಿ ಕೈ ನೋಡಿ ಜನ ನಕ್ಕು ನಮಸ್ಕಾರ ಮಾಡಿದರು. ಛತ್ರಿ ಬಾರದ್ದಕ್ಕೆ ಇಷ್ಟು ಸಂತೋಷವೇ ಎಂದು ಅವರಿಗೆ ಒಳಗೊಳಗೆ ನೋವಾಯಿತು.

ಮಧ್ಯಾಹ್ನ ಎರಡೂವರೆಗೆ ಜಮಖಂಡಿಯಿಂದ ಗೌರೀಶನ ಫೋನು ಬಂತು. ಆತನೂ ಇವರಂತೆಯೇ ಅಲ್ಲಿಯ ಮಳೆಮಾಪಕ ಕಾಯುವವನು.

"ಏ ಜ್ಞಾನೂ, ಇಲ್ಲಿ ಮುಗಲು ಹರದು ಬಿದ್ದಂಗಾಗೇತಿ ಮಾರಾಯಾ. ನಿಮ್ಮ ಕಡೇನ ಹೊಂಟೈತಿ ನೋಡು, ಅರ್ಧ ತಾಸಿನ್ಯಾಗ ಬಂತು."

ಪುಣ್ಯಕ್ಕೆ ಛತ್ರಿ ಮನೆಯಲ್ಲಿದೆ ಎಂದು ಜ್ಞಾನೇಶ್ವರರು ನಿರಾಳವಾಗಿ ಕೂತರು. ಅಷ್ಟರಲ್ಲಿ ಚನಮಲ್ಲಪ್ಪ ನಗುತ್ತ ಒಳಗೆ ಬಂದ.

"ಮೂಡಲ ಕಡೆ ಕರ್ರಗಾಗೇತ್ರಿ. ಮಂದಿ ಅಂಜಾಕತ್ತಾರ. ನಾ ಅಂದೆ, ಹುಚ್ಚರೇನ್ಲೇ ನೀವು, ಸಾಹೇಬ್ರ ಛತ್ರಿ ಮನ್ಯಾಗೈತಿ. ಒಂದ ಲಡಿ ಮುಟ್ಟಗೊಟ್ಟಿಲ್ಲ."

"ಮೋಡಕ್ಕೂ ನನ್ನ ಛತ್ರಿಗೂ ಏನ ಸಂಬಂಧ?"

"ಚ್ಯಾಷ್ಟಿ ಮಾಡಬ್ಯಾಡ್ರಿ. ಮಳಿ ಬರೂ ದಿನ ನೀವು ಛತ್ರಿ ತರ್ತೀರಲ್ಲ."

"ಮಳಿ ಬರೂ ದಿನ ಯಾಕ ತರ್ಲಿ? ತೊಯ್ಯಂಗಿಲ್ಲೇನು?"

ಚನಮಲ್ಲಪ್ಪ ಎದುರಿನ ಕುರ್ಚಿಗೆ ಕುಸಿದ.

"ಛತ್ರಿ ತೊಯ್ತೈತಿ ಅಂತ," ಎಂದ ಚನಮಲ್ಲಪ್ಪ, ಒಂದೊಂದೇ ಮಾತನ್ನು ನೆಲಕ್ಕಿಟ್ಟಂತೆ, "ಮಳ್ಯಾಗ ಛತ್ರಿ ಮನ್ಯಾಗ ಇಡ್ತೀರಿ?"

"ಮತ್ತ?"

"ಹಂಗಾದ್ರ ನಾವು ಇಷ್ಟ ದಿನ ನೂಲು ತಗದದ್ದು?"

"ನನ್ನ ಛತ್ರಿಗೆ ಬಣ್ಣ ಬೀಳಬಾರದಂತ ಅಲ್ಲೇನು?"

ಒಬ್ಬರು ಇನ್ನೊಬ್ಬರನ್ನು ನೋಡಿದರು. ಇಬ್ಬರಲ್ಲಿ ಯಾರು ಹುಚ್ಚರು ಎಂಬುದು ತೀರ್ಮಾನವಾಗುವ ಮೊದಲೇ ದೂರದಲ್ಲಿ ಗುಡುಗಿತು. ಇಬ್ಬರೂ ಓಡಿದರು.

ಜ್ಞಾನೇಶ್ವರರು ಓಣಿಯ ನಡುವೆ ನಿಂತು ಕೈಯೆತ್ತಿ ಕೂಗಿದರು. "ಮಳಿ ಬಂತು! ನೂಲು ತಗೀರಿ!"

ಮಗ್ಗಗಳ ಖಟಖಟದಲ್ಲಿ ಅರ್ಧ ಮಂದಿಗೆ ಕೇಳಲಿಲ್ಲ. ಕೇಳಿದವರು ನಕ್ಕರು.

"ಛತ್ರಿ ಎಲ್ಲೈತ್ರಿ?"

"ಛತ್ರಿ ಬಿಡ್ರಿ! ನಾ ಹೇಳಾಕತ್ತೇನಲ್ಲ!"

"ನೀವು ಹೇಳೂದು ನಮಗ್ಯಾಕ್ರಿ? ಛತ್ರಿ ಇಲ್ಲಂದ್ರ ಮಳಿ ಇಲ್ಲ."

"ನಮ್ಮನ್ನ ಪರೀಕ್ಷಾ ಮಾಡಾಕತ್ತಾರ," ಎಂದಳೊಬ್ಬಳು ಮೆಚ್ಚುಗೆಯಿಂದ.

ಚನಮಲ್ಲಪ್ಪ ಅವರ ತೋಳು ಹಿಡಿದ. "ಖಾತ್ರಿ ಅಂತ ಬರದವ ನಾ. ಈಗ ನಾ ಹೇಳಿದ್ರೂ ನಂಬಂಗಿಲ್ಲ, ನೀವು ಹೇಳಿದ್ರೂ ನಂಬಂಗಿಲ್ಲ. ಅದ ಬರಬೇಕ್ರಿ. ಓಡ್ರಿ!"

ಜ್ಞಾನೇಶ್ವರರು ಓಡಿದರು. ಮನೆ ಹೊಕ್ಕು ಮೊಳೆಯಿಂದ ಛತ್ರಿ ಕಿತ್ತುಕೊಂಡು ಹೊಸ್ತಿಲಿಗೆ ಬಂದರು. ಅಂಗಳದ ಕಲ್ಲಿನ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಹನಿಯೊಂದು ಬಿತ್ತು. ಅವರು ಅಲ್ಲೇ ನಿಂತರು.

"ಯಾಕ ನಿಂತ್ರಿ?" ಎಂದರು ಅಂಜನಾ.

"ಇದು ತೊಯ್ತೈತಲ್ಲ."

"ನಲವತ್ತು ಲಡಿ ಹೊರಗದಾವ, ನಿಮ್ಮ ಮಾತಿನ ಮ್ಯಾಲ."

ಎರಡನೆಯ ಹನಿ ಬಿದ್ದಾಗ ಅವರು ಹೊಸ್ತಿಲ ಮೇಲಿರಲಿಲ್ಲ.

ಓಣಿ ಮುಟ್ಟುವಷ್ಟರಲ್ಲಿ ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು. ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಆ ನಿಶ್ಶಬ್ದ ಗುಡುಗಿಗಿಂತ ದೊಡ್ಡದು. ಎಲ್ಲರೂ ಬಾಗಿಲಿಗೆ ಬಂದು ಏನಾಯಿತೆಂದು ಕಿವಿಗೊಟ್ಟರು. ಆ ನಿಶ್ಶಬ್ದದ ನಟ್ಟನಡುವೆ ಕೇಳಿಸಿತು, ದಪ್.

ಆಮೇಲೆ ಯಾರೂ ಏನೂ ಕೇಳಲಿಲ್ಲ. ಓಣಿಯ ತುಂಬ ಕೈಗಳೇ. ಹಸಿರು ಹೋಯಿತು, ಅರಿಶಿಣ ಹೋಯಿತು, ಬದನೆಯ ಬಣ್ಣ ಹೋಯಿತು. ಎಲ್ಲರೂ ತಮ್ಮ ತಮ್ಮ ಗಳದಲ್ಲಿ ಮುಳುಗಿದ್ದರು. ಕೊನೆಯ ಗಳದಲ್ಲಿ ಕೆಂಪವ್ವ ಒಬ್ಬಳೇ. ಹಂಡೆಯನ್ನು ಬೀದಿಗೆ ದಬ್ಬಿ, ಖೋಲಿಯಲ್ಲಿ ಜಾಗ ಮಾಡಿ, ಎರಡೆರಡು ಲಡಿ ಎತ್ತಿ ಒಳಗೆ ಓಡುತ್ತಿದ್ದಳು. ಇಪ್ಪತ್ತಾರು ಒಳಗೆ ಹೋಗಿದ್ದವು. ಹದಿನಾಲ್ಕು ಇನ್ನೂ ಗಳದ ಮೇಲಿದ್ದಾಗ ಮೇಲಿನಿಂದ ಹಂಡೆಗಟ್ಟಲೆ ಸುರಿದಂತೆ ಮಳೆ ಬಂತು.

ಜ್ಞಾನೇಶ್ವರರು ಹದಿನಾಲ್ಕೂ ಲಡಿಗಳನ್ನು ಅವಳ ಬಾಗಿಲ ಸೂರಿಗೆ ತಾಗಿದ ಗಳದ ತುದಿಗೆ ಒತ್ತರಿಸಿ ಛತ್ರಿಯನ್ನು ಅವುಗಳ ಮೇಲೆ ಹಿಡಿದರು. ಹಣಮಪ್ಪ ಅವರೊಬ್ಬರ ಅಳತೆಗೆ ಮಾಡಿದ ಛತ್ರಿ ಅದು. ಲಡಿ ನಿಂತಲ್ಲಿ ಅವರಿಗೆ ಜಾಗ ಉಳಿಯಲಿಲ್ಲ. ಬಟ್ಟೆಯ ಮೇಲೆ ಮಳೆ ಒಂದೇ ಸಮನೆ ಬೀಳುತ್ತಿತ್ತು, ತುಂಬಿದ ಸದ್ದು, ದೂರದಲ್ಲಿ ಸಾವಿರ ಮಗ್ಗ ನಡೆದಂತೆ. ಬೆಚ್ಚಿದವರಂತೆ ಅವರು ಅದನ್ನು ಕೇಳುತ್ತ ನಿಂತರು.

ಕೊನೆಯ ಎರಡು ಲಡಿ ಒಳಗಿಟ್ಟು ಬಂದ ಕೆಂಪವ್ವ ಬಾಗಿಲಲ್ಲಿ ನಿಂತು ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಗಳ ಖಾಲಿ. ಖಾಲಿ ಗಳಕ್ಕೆ ಅವರು ಇನ್ನೂ ಛತ್ರಿ ಹಿಡಿದೇ ಇದ್ದರು.

"ಒಂದ ಹನಿ ಬಿದ್ದಿಲ್ರಿ ನೂಲಿಗೆ," ಎಂದಳು. ಆಮೇಲೆ ಕಣ್ಣು ಕೆಂಪಗೆ ಮಾಡಿ, "ಆದ್ರ ಮಾತಿಗೆ ತಪ್ಪಿದ್ರಿ ನೋಡ್ರಿ ಸಾಹೇಬ್ರ. ದಿನಾ ಪೂರ್ತಿ ತರೂದಿಲ್ಲ ಅಂದಿದ್ರಿ. ಛತ್ರಿ ತಂದ್ರಿ, ಮಳಿ ಬಂತು."

ಜ್ಞಾನೇಶ್ವರರು ಉತ್ತರ ಹೇಳಲು ಬಾಯಿ ತೆರೆದರು. ಬಾಯಿಯೊಳಗೆ ಮಳೆ ಬಿತ್ತು.

ಶನಿವಾರ ಎಂಟೂವರೆಗೆ ಮಾಪಕದಲ್ಲಿ ನಲವತ್ತೊಂದು ಮಿಲಿಮೀಟರ್ ನೀರಿತ್ತು. ರಬಕವಿಗೆ ಹೋದ ಕೆಂಪವ್ವ ಹತ್ತಕ್ಕೆಲ್ಲ ತಿರುಗಿ ಬಂದಳು, ತಲೆಯ ಮೇಲೆ ದೀಪಾವಳಿಯ ಬಿಳಿ ನೂಲಿನ ಗಂಟು. ಬಿಸಿಲು ಮತ್ತೆ ಚುರುಗುಟ್ಟುತ್ತಿತ್ತು. ತೊಯ್ದ ಛತ್ರಿಯನ್ನು ಬಿಚ್ಚಿ ಗಾಳಿಗೆ ಇಡಬೇಕಿತ್ತು, ಅಂಗಳದಲ್ಲಿ ತೂಗುಹಾಕಲು ಗಳವಿಲ್ಲದೆ ಜ್ಞಾನೇಶ್ವರರು ಅದನ್ನು ಓಣಿಗೆ ತಂದರು. "ಇಲ್ಲೇ ಹಾಕ್ರಿ," ಎಂದು ಕೆಂಪವ್ವ ತನ್ನ ಗಳ ಕೊಟ್ಟಳು. ಛತ್ರಿ ಬಿಚ್ಚಿಕೊಂಡು, ಬೆತ್ತದ ಹಿಡಿಕೆಯಿಂದ ಗಳಕ್ಕೆ ಜೋತುಬಿದ್ದು ಒಣಗತೊಡಗಿತು.

ಆಗ ಓಣಿಯವರು ಹಸಿ ಲಡಿ ಹೊತ್ತು ಒಬ್ಬೊಬ್ಬರಾಗಿ ಹೊರಬಂದರು. ಛತ್ರಿ ಕಂಡು ನಿಂತರು. ಆಕಾಶ ನೋಡಿದರು, ಜ್ಞಾನೇಶ್ವರರ ಖಾಲಿ ಕೈ ನೋಡಿದರು. ಯಾರೂ ಲಡಿ ಹಾಕಲಿಲ್ಲ, ಯಾರೂ ಒಳಗೂ ಹೋಗಲಿಲ್ಲ. ನೀರು ಮಾತ್ರ ಲಡಿಯಿಂದ ಅವರವರ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಚನಮಲ್ಲಪ್ಪ ನಿಧಾನವಾಗಿ ಹತ್ತಿರ ಬಂದ.

"ಸಾಹೇಬ್ರ, ಈಗ ಎಲ್ಲಾ ತಿಳದೈತಿ. ಬಂದ್ರ ಮಳಿ ಇಲ್ಲ, ಬರದಿದ್ರ ಮಳಿ. ಮೊದಲನೇ ದಿನ ಮತ್ತ ನಿನ್ನೆ ಮಾತ್ರ ಛತ್ರೀನೂ ಬಂತು, ಮಳೀನೂ ಬಂತು, ಅದನ್ನ ಬಿಡ್ರಿ. ಇವತ್ತಿಂದು ಹೇಳ್ರಿ. ಇದು ಇಲ್ಲೈತಿ, ಆದ್ರ ನೀವು ಹಿಡದಿಲ್ಲ. ಇದನ್ನ ಬಂತು ಅನ್ನಬೇಕೋ, ಬಂದಿಲ್ಲ ಅನ್ನಬೇಕೋ?"

ಜ್ಞಾನೇಶ್ವರರು ಛತ್ರಿ ನೋಡಿದರು. ಬಹಳ ಯೋಚಿಸಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಚನಮಲ್ಲಪ್ಪ ಕಾದು ಕಾದು ಮೊಬೈಲು ತೆಗೆದ. ಮುನ್ನೂರು ಮಂದಿ ಕಾಯುತ್ತಿದ್ದರು. ಎರಡು ಸಲ ಬರೆದು ಅಳಿಸಿ, ಮೂರನೆಯ ಸಲ ಕಳಿಸಿದ.

'ಛತ್ರಿ ಐತಿ. ಆದರ ತೊಯ್ದೈತಿ. ನಿಮ್ಮ ನಿಮ್ಮ ಜವಾಬ್ದಾರಿ.'